ಲೆನ್ಸ್ ಒಳಗಿನ ಬೂಷ್ಟು: ಬಿಚ್ಚುವ ಮುಂಚಿನಿಂದ ಡಬ್ಬಿಗೆ ಹಾಕುವವರೆಗೆ

ಚೌತಿ ಹತ್ತಿರ ಬಂತೆಂದರೆ ಕಾರವಾರದ ನನ್ನ ಮೇಜಿನ ಮೇಲೆ ಲೆನ್ಸುಗಳ ಸಾಲು ಶುರುವಾಗುತ್ತದೆ. ಜೂನ್‌ನಲ್ಲಿ ಕಪಾಟು ಸೇರಿದ ಕ್ಯಾಮೆರಾವನ್ನು ಹಬ್ಬಕ್ಕೆಂದು ಹೊರಗೆ ತೆಗೆದವರಿಗೆ ಗಾಜಿನೊಳಗೆ ಜೇಡರ ಬಲೆಯಂಥದ್ದು ಕಾಣುತ್ತದೆ. ಅದೇ ಬೂಷ್ಟು, ಸ್ಟುಡಿಯೋದವರ ಬಾಯಲ್ಲಿ ಫಂಗಸ್.

ಬೂಷ್ಟು ಹಿಡಿದ ಲೆನ್ಸ್ ಬಂದರೆ ನನಗೆ ಬೇಜಾರಿಲ್ಲ. ಮನೆಯಲ್ಲೇ ಒಮ್ಮೆ ಬಿಚ್ಚಿ, ಮತ್ತೆ ಕೂರಿಸಲಾಗದೆ, ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ತಂದದ್ದನ್ನು ನೋಡಿದರೆ ಬೇಜಾರು. ತಲೆ ಸವೆದ ಸ್ಕ್ರೂ, ಉಲ್ಟಾ ಕೂತ ಗಾಜು, ಯಾವುದರದ್ದೆಂದು ಗೊತ್ತಿಲ್ಲದ ಒಂದು ಸ್ಪ್ರಿಂಗ್. ಇವರಲ್ಲಿ ಹೆಚ್ಚಿನವರ ಕೈ ಚೆನ್ನಾಗಿಯೇ ಇರುತ್ತದೆ. ಐದನೇ ಕೆಲಸವನ್ನು ಎರಡನೆಯದಾಗಿ ಮಾಡಿರುತ್ತಾರೆ, ಅಷ್ಟೇ. ಹಾಗಾಗಿ ಇಲ್ಲಿ ಹಂತಗಳ ಕ್ರಮಕ್ಕೇ ಜಾಸ್ತಿ ಒತ್ತು.

ನಾನು ಹೇಳುತ್ತಿರುವುದು ಕೈಯಿಂದ ಫೋಕಸ್ ಮಾಡುವ ಹಳೆಯ, ಝೂಮ್ ಇಲ್ಲದ ಲೆನ್ಸುಗಳ ಬಗ್ಗೆ. ಫಿಲ್ಮ್ ಕ್ಯಾಮೆರಾ ಜೊತೆ ಬರುತ್ತಿದ್ದ 50 ಎಂಎಂ ಎಫ್ 1.8 ಲೆನ್ಸ್ ಕಲಿಯಲು ಎಲ್ಲಕ್ಕಿಂತ ಒಳ್ಳೆಯದು. ಹೆಚ್ಚಿನವುಗಳಲ್ಲಿ ಆರು ಗಾಜು ಇರುತ್ತವೆ. ಮಧ್ಯದಲ್ಲಿ ಅಪರ್ಚರ್ ಎಲೆಗಳು, ಅಂದರೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ತೆಳು ತಗಡುಗಳು. ಅದರ ಮುಂದೆ ಗಾಜುಗಳ ಒಂದು ಗುಂಪು, ಹಿಂದೊಂದು ಗುಂಪು. ಈ ಚಿತ್ರ ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ.

ಬೇಕಾದ ಸಾಮಾನು

ಜಪಾನಿನ ಕ್ಯಾಮೆರಾಗಳ ಪ್ಲಸ್ ಸ್ಕ್ರೂ ನೋಡಲು ನಮ್ಮ ಹಾರ್ಡ್‌ವೇರ್ ಅಂಗಡಿಯ ಪ್ಲಸ್ ಸ್ಕ್ರೂ ಥರವೇ ಇರುತ್ತದೆ. ಆದರೆ ಅದರ ಅಳತೆ ಬೇರೆ, ಅದಕ್ಕೆ ಜೆಐಎಸ್ ಎನ್ನುತ್ತಾರೆ. ಸಾಮಾನ್ಯ ಫಿಲಿಪ್ಸ್ ಡ್ರೈವರ್ ಅದರ ತಳದವರೆಗೆ ಇಳಿಯುವುದಿಲ್ಲ. ತಿರುಗಿಸಿದಾಗ ಜಾರಿ, ಸ್ಕ್ರೂವಿನ ತಲೆ ಸವೆಸುತ್ತದೆ. ಜೆಐಎಸ್ ತುದಿಯ 00, 0 ಮತ್ತು 1 ನಂಬರಿನ ಡ್ರೈವರ್ ತಂದುಕೊಳ್ಳಿ. ಉಳಿದ ಯಾವುದರಲ್ಲಿ ಬೇಕಾದರೂ ದುಡ್ಡು ಉಳಿಸಿ, ಇದರಲ್ಲಿ ಬೇಡ.

ಎರಡನೆಯದು ಲೆನ್ಸ್ ಸ್ಪ್ಯಾನರ್. ಗಾಜು ಹಿಡಿದಿರುವ ರಿಂಗಿನ ಎರಡು ಖಾಚಿಗೆ ಕೂರುವ, ಅಗಲ ಹೊಂದಿಸಬಹುದಾದ ಕಂಪಾಸಿನಂಥ ಸಾಧನ ಇದು. ಮೂರನೆಯದು ರಬ್ಬರ್. ಬೇರೆ ಬೇರೆ ಅಳತೆಯ ರಬ್ಬರ್ ಬಿರಡೆಗಳ ಸೆಟ್ಟೇ ಸಿಗುತ್ತದೆ. ನಾನು ಶುರುವಿನಲ್ಲಿ ಸಿಂಕಿನ ರಬ್ಬರ್ ಬಿರಡೆ ಬಳಸಿದ್ದೆ, ಅದೂ ನಡೆಯುತ್ತದೆ.

ಉಳಿದದ್ದು ಸಣ್ಣಪುಟ್ಟದ್ದು. ಗಾಳಿ ಊದುವ ರಬ್ಬರ್ ಬ್ಲೋವರ್, ತುದಿ ಚೂಪಾದ ಟ್ವೀಜರ್, ಲೆನ್ಸ್ ಟಿಶ್ಯೂ, ಹತ್ತಿ ಕಡ್ಡಿ, ಬೆರಳಿಗೆ ಹಾಕುವ ರಬ್ಬರ್ ಟೋಪಿ, ಒಳ್ಳೆಯ ಟಾರ್ಚ್, ಪೆನ್ಸಿಲ್. ದ್ರವಗಳಲ್ಲಿ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಡಿಸ್ಟಿಲ್ಡ್ ನೀರು, ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ಗಾಯಕ್ಕೆ ಹಚ್ಚುವ ಸರ್ಜಿಕಲ್ ಸ್ಪಿರಿಟ್ ಬೇಡ, ಕೆಲವದರಲ್ಲಿ ಎಣ್ಣೆ ಸೇರಿಸಿರುತ್ತಾರೆ, ಗಾಜಿನ ಮೇಲೆ ಗೆರೆ ಉಳಿಯುತ್ತದೆ. ಕೈ ತೊಳೆಯುವ ಸ್ಯಾನಿಟೈಸರ್ ಕೂಡ ಬೇಡ.

ಹಂತ 1: ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಾಕಿ ನೋಡಿ

ಡ್ರೈವರ್ ಮುಟ್ಟುವ ಮುಂಚೆ ಹತ್ತು ನಿಮಿಷ ಬರೀ ನೋಡಿ. ಅಪರ್ಚರ್ ಪೂರ್ತಿ ತೆರೆದು, ಲೆನ್ಸಿನ ಹಿಂದಿನಿಂದ ಟಾರ್ಚ್ ಓರೆಯಾಗಿ ಹಿಡಿದು, ಮುಂದಿನಿಂದ ನೋಡಬೇಕು. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ.

ಕಾಣುವುದು ನಾಲ್ಕು ಬಗೆ. ಬೇರು ಬಿಟ್ಟ ಹಾಗೆ ಕವಲೊಡೆದ ಎಳೆಗಳಿದ್ದರೆ ಬೂಷ್ಟು. ಕನ್ನಡಿಗೆ ಉಸಿರು ಬಿಟ್ಟ ಹಾಗೆ ಸಮನಾದ ಮಂಜು ಇದ್ದರೆ, ಒಳಗಿನ ಗ್ರೀಸಿನ ಎಣ್ಣೆ ಹಬೆಯಾಗಿ ಗಾಜಿಗೆ ಕೂತಿದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಪಟ್ಟೆ ಅಥವಾ ಗುಳ್ಳೆ ಇದ್ದರೆ, ಎರಡು ಗಾಜುಗಳನ್ನು ಅಂಟಿಸಿದ ಅಂಟು ಬಿಡುತ್ತಿದೆ. ಬಿಡಿ ಬಿಡಿ ಚುಕ್ಕಿಗಳಾದರೆ ಬರೀ ಧೂಳು. ನಾಲ್ಕಾರು ಧೂಳಿನ ಕಣ ಫೋಟೋದಲ್ಲಿ ಕಾಣುವುದಿಲ್ಲ. ಧೂಳಿಗೋಸ್ಕರ ಲೆನ್ಸ್ ಬಿಚ್ಚಿ ಕೆಡಿಸಿದವರು ಬೇಕಾದಷ್ಟು ಜನ. ಸುಮ್ನೆ ಬಿಟ್ಟುಬಿಡಿ.

ಬೂಷ್ಟು ಯಾವ ಕಡೆ ಇದೆ ಅಂತ ತಿಳಿಯಲು ಒಂದು ಸುಲಭ ಉಪಾಯ ಇದೆ. ಅಪರ್ಚರನ್ನು ಎಫ್ 16ಕ್ಕೆ ಮುಚ್ಚಿ ಮುಂದಿನಿಂದ ನೋಡಿ. ಎಳೆಗಳು ಮರೆಯಾದವಾ? ಹಾಗಾದರೆ ಅವು ಎಲೆಗಳ ಹಿಂದಿವೆ. ಇನ್ನೂ ಕಾಣುತ್ತವಾ? ಮುಂದಿನ ಗುಂಪಿನಲ್ಲಿವೆ. ಇಷ್ಟು ಗೊತ್ತಾದರೆ ಅರ್ಧ ಲೆನ್ಸ್ ಬಿಚ್ಚುವ ಕೆಲಸವೇ ಉಳಿಯುತ್ತದೆ.

ಇನ್ನೊಂದು ಮಾತು. ಅಸಾಹಿ ಪೆಂಟ್ಯಾಕ್ಸ್‌ನ ಹಳೆಯ ಸೂಪರ್ ಟಾಕುಮಾರ್ 50 ಎಂಎಂ ಎಫ್ 1.4ರಂಥ ಲೆನ್ಸುಗಳ ಗಾಜು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅದು ಕೊಳೆಯಲ್ಲ. ಆ ಗಾಜಿನಲ್ಲಿ ಥೋರಿಯಂ ಇದೆ, ವರ್ಷಗಳು ಕಳೆದಂತೆ ಹಳದಿಯಾಗುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಅಲ್ಟ್ರಾವಯಲೆಟ್ ದೀಪದಡಿ ಕೆಲವು ವಾರ ಇಟ್ಟರೆ ತಿಳಿಯಾಗುತ್ತದೆ.

ಹಂತ 2: ಬಿಚ್ಚಬೇಕಾ, ಬೇಡವಾ?

ಅಂಟಿಸಿದ ಎರಡು ಗಾಜುಗಳ ನಡುವೆಯೇ ಬೂಷ್ಟು ಇದ್ದರೆ ಇಲ್ಲಿಗೇ ನಿಲ್ಲಿಸಿ. ಅಂಟು ಬಿಡಿಸಿ, ನಡು ಸರಿಹೊಂದಿಸಿ ಮತ್ತೆ ಅಂಟಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಡಿಜಿಟಲ್ ಕ್ಯಾಮೆರಾ ಜೊತೆ ಬರುವ 18-55 ಝೂಮ್ ಥರದವನ್ನೂ ಬಿಚ್ಚಬೇಡಿ. ಒಳಗೆ ಮೋಟಾರ್, ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲ್, ಕೂದಲೆಳೆ ಸರಿದರೂ ಒಂದು ಬದಿ ಮಸುಕಾಗುವ ಗಾಜು. ಅದರ ಹಿಂದಿನ ಸ್ಕ್ರೂ ಸಲೀಸಾಗಿ ಬರುತ್ತವೆ, ಅದೇ ಮೋಸ. ಮೌಂಟ್, ಅಂದರೆ ಕ್ಯಾಮೆರಾಗೆ ಕೂರುವ ಹಿಂಬದಿಯ ರಿಂಗ್, ಎತ್ತಿದ ಕ್ಷಣ ಕೇಬಲ್ ಹರಿಯುತ್ತದೆ.

ಫ್ಲಾಶ್ ಒಳಗೇ ಇರುವ ಕ್ಯಾಮೆರಾಗಳಿಗೆ ಕೈ ಹಾಕುವ ಆಸೆ ಇದ್ದರೆ ಒಂದು ಎಚ್ಚರಿಕೆ. ಫ್ಲಾಶ್ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ. ಬ್ಯಾಟರಿ ತೆಗೆದು ದಿನಗಳಾದರೂ ಅದು ಉಳಿದಿರಬಹುದು. ಮಲ್ಟಿಮೀಟರಿನಲ್ಲಿ ಅಳೆದು, ರೆಸಿಸ್ಟರ್ ಮೂಲಕ ಖಾಲಿ ಮಾಡಲು ಬರದಿದ್ದರೆ ಆ ಕ್ಯಾಮೆರಾದ ಮುಚ್ಚಳ ತೆಗೆಯಬಾರದು.

ಬೇರೆಯವರ ಲೆನ್ಸ್ ಕೈಗೆ ತೆಗೆದುಕೊಳ್ಳುತ್ತಿದ್ದರೆ ಅವರ ಎದುರಿನಲ್ಲೇ ಟಾರ್ಚ್ ಹಾಕಿ ತೋರಿಸಿ, ಗೀರು, ಮಂಜು, ಗುಳ್ಳೆ ಎಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಬೂಷ್ಟು ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗ್ ತಿನ್ನುತ್ತದೆ. ಬೂಷ್ಟು ಹೋದರೂ ಅದರ ಅಚ್ಚು ಉಳಿಯಬಹುದು. ಇದನ್ನು ಮೊದಲೇ ಹೇಳಿದರೆ ಮಾಹಿತಿ, ಆಮೇಲೆ ಹೇಳಿದರೆ ನೆಪ, ಅಲ್ವಾ?

ಹಂತ 3: ಜಾಗ ಮತ್ತು ದಿನ

ಜಡಿಮಳೆಯ ದಿನ ಲೆನ್ಸ್ ತೆರೆಯಬೇಡಿ. ತೊಳೆದ ಗಾಜು ಒಣಗುವುದಿಲ್ಲ, ಆ ಒದ್ದೆ ಗಾಳಿಯನ್ನೇ ಒಳಗೆ ಮುಚ್ಚಿಟ್ಟ ಹಾಗಾಗುತ್ತದೆ. ಹೊಳವಾಗುವವರೆಗೆ ಕಾಯಿರಿ. ಅರ್ಜೆಂಟ್ ಇದ್ದರೆ ಏಸಿ ಇರುವ ಕೋಣೆಯಲ್ಲಿ ಒಂದು ತಾಸು ಡ್ರೈ ಮೋಡ್ ಹಾಕಿ ಶುರು ಮಾಡಿ. ಫ್ಯಾನ್ ಬೇಡ, ಧೂಳು ಏಳುತ್ತದೆ.

ಮೇಜಿನ ಮೇಲೆ ಅಂಚಿರುವ ದೊಡ್ಡ ಟ್ರೇ ಇಟ್ಟು, ಅದರಲ್ಲಿ ಬಿಳಿ ಬಟ್ಟೆ ಹಾಸಿ. ಕೆಲಸವೆಲ್ಲ ಆ ಟ್ರೇ ಒಳಗೇ ಆಗಬೇಕು. ಅಪರ್ಚರ್ ರಿಂಗ್ ತಿರುಗಿಸಿದಾಗ ಟಿಕ್ ಟಿಕ್ ಅನ್ನುತ್ತದಲ್ಲ, ಅದು ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಉಕ್ಕಿನ ಗುಂಡಿನಿಂದ. ರಿಂಗ್ ಎತ್ತಿದ ಕೂಡಲೇ ಅದು ಹಾರುತ್ತದೆ. ನನ್ನ ಮೊದಲ ವರ್ಷ ಅದು ಕಾವಿ ನೆಲದ ಮೇಲೆ ಬಿದ್ದು, ಎರಡು ಸಲ ಪುಟಿದ ಸದ್ದು ಕೇಳಿಸಿತು, ಆಮೇಲೆ ಇಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಡೀ ಕೋಣೆ ಒರೆಸಿದೆ. ಸಿಕ್ಕಿದ್ದು ಬಾಗಿಲಿನ ಹೊಸ್ತಿಲ ಸಂದಿಯಲ್ಲಿ.

ಹಂತ 4: ಗುರುತು ಹಾಕುವುದು

ಫೋಕಸ್ ರಿಂಗನ್ನು ಇನ್ಫಿನಿಟಿಗೆ, ಅಂದರೆ ತೀರಾ ದೂರದ್ದು ಚೂಪಾಗಿ ಕಾಣುವ ಕೊನೆಯ ಗುರುತಿಗೆ, ತಂದು ನಿಲ್ಲಿಸಿ. ಇಲ್ಲಿಂದ ಮುಂದೆ ಪ್ರತಿ ಭಾಗ ತೆಗೆಯುವ ಮುಂಚೆ ಒಂದು, ತೆಗೆದ ಮೇಲೆ ಒಂದು ಫೋಟೋ ಮೊಬೈಲಿನಲ್ಲಿ. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಡಬಲ್ ಸೈಡ್ ಟೇಪಿಗೆ ಅಂಟಿಸಿ, ಪಕ್ಕದಲ್ಲಿ ನಂಬರ್ ಬರೆಯಿರಿ. ಒಂದೇ ಥರ ಕಾಣುವ ಸ್ಕ್ರೂಗಳಲ್ಲಿ ಒಂದು ಅರ್ಧ ಮಿಲಿಮೀಟರ್ ಉದ್ದ ಇದ್ದರೂ ತಪ್ಪು ತೂತಿಗೆ ಹೋಗಿ ಒಳಗೆ ಒತ್ತುತ್ತದೆ.

ಹಂತ 5: ಮುಂದಿನಿಂದ

ಲೆನ್ಸಿನ ಹೆಸರು ಬರೆದ ಮುಂದಿನ ರಿಂಗಿಗೆ ಸಾಮಾನ್ಯವಾಗಿ ಖಾಚಿ ಇರುವುದಿಲ್ಲ. ರಬ್ಬರ್ ಬಿರಡೆಯನ್ನು ಅದರ ಮೇಲೆ ಗಟ್ಟಿಯಾಗಿ ಒತ್ತಿ, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ. ಬರದಿದ್ದರೆ ರಿಂಗಿನ ಸಂದಿಗೆ ಹಲ್ಲುಕಡ್ಡಿ ತುದಿಯಿಂದ ಒಂದೇ ಹನಿ ಆಲ್ಕೋಹಾಲ್ ಬಿಟ್ಟು ಐದು ನಿಮಿಷ ಬಿಡಿ. ಅದರ ಕೆಳಗೆ ಖಾಚಿ ಇರುವ ರಿಂಗ್ ಕಾಣುತ್ತದೆ. ಸ್ಪ್ಯಾನರ್ ಅಲ್ಲಿಗೆ.

ಸ್ಪ್ಯಾನರ್ ಜಾರಿದರೆ ಗೀರು ಬೀಳುವುದು ಗಾಜಿನ ನಟ್ಟನಡುವೆ. ಅದಕ್ಕೆ ಗಾಜಿನ ಮೇಲೆ ದುಂಡಗೆ ಕತ್ತರಿಸಿದ ಮೆತ್ತನೆ ಕಾಗದ ಇಟ್ಟೇ ತಿರುಗಿಸಿ. ಮುಂದಿನ ಗುಂಪು ಹಲವು ಲೆನ್ಸುಗಳಲ್ಲಿ ಇಡಿಯಾಗಿ ಹೊರಗೆ ಬರುತ್ತದೆ. ಹಾಗೆ ಬಂದರೆ ಗಾಜುಗಳನ್ನು ಒಂದೊಂದಾಗಿ ಬಿಡಿಸಲು ಹೋಗಬೇಡಿ. ಬೂಷ್ಟು ಹೆಚ್ಚಾಗಿ ಎಲೆಗಳ ಕಡೆಯ ಮೈಯಲ್ಲೇ ಇರುತ್ತದೆ, ಗುಂಪು ತೆಗೆದ ಕೂಡಲೇ ಕೈಗೆ ಸಿಗುತ್ತದೆ.

ಹಂತ 6: ಹಿಂದಿನಿಂದ, ಮತ್ತು ಮುಟ್ಟಬಾರದ ಜಾಗ

ಹಿಂದಿನ ಗುಂಪನ್ನು ಕೆಲವು ಲೆನ್ಸುಗಳಲ್ಲಿ ಸ್ಪ್ಯಾನರ್ ಹಾಕಿ ನೇರವಾಗಿ ಬಿಚ್ಚಬಹುದು. ಮೊದಲು ಅದನ್ನೇ ಪ್ರಯತ್ನಿಸಿ. ಆಗದಿದ್ದರೆ ಮಾತ್ರ ಮೌಂಟಿನ ಸ್ಕ್ರೂ.

ಕರಾವಳಿಯ ಲೆನ್ಸುಗಳ ಕಷ್ಟ ಇಲ್ಲೇ. ಉಪ್ಪುಗಾಳಿ ತಿಂದ ಸ್ಕ್ರೂ ತೂತಿನಲ್ಲೇ ಕಚ್ಚಿಕೊಂಡಿರುತ್ತದೆ, ಸುತ್ತ ಬಿಳಿ ಅಥವಾ ಹಸಿರು ಪುಡಿ ಕಾಣುತ್ತದೆ. ಅದಕ್ಕೆ ಸೈಕಲ್ಲಿಗೆ ಹಾಕುವ ಎಣ್ಣೆ ಬಿಡಬೇಡಿ. ಎಣ್ಣೆ ಹರಿದು ಹರಿದು ಎಲೆಗಳಿಗೆ ತಲುಪುತ್ತದೆ. ಪುಡಿಯನ್ನು ಚೂಪಾದ ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಬಿಸಿ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಹತ್ತು ಸೆಕೆಂಡ್ ತಾಗಿಸಿ, ಆರಲು ಬಿಡಿ. ಆಮೇಲೆ ಡ್ರೈವರ್. ಬಲದಲ್ಲಿ ಮುಕ್ಕಾಲು ಪಾಲು ಕೆಳಗೆ ಒತ್ತಲು, ಕಾಲು ಪಾಲು ಮಾತ್ರ ತಿರುಗಿಸಲು. ಡ್ರೈವರ್ ಜಾರುವ ಲಕ್ಷಣ ಕಂಡ ಕೂಡಲೇ ನಿಲ್ಲಿಸಬೇಕು. "ಇನ್ನೊಂದು ಸಲ ನೋಡುವಾ" ಅನ್ನುವ ಆ ಇನ್ನೊಂದು ಸಲದಲ್ಲೇ ತಲೆ ಸವೆಯುವುದು.

ಮೌಂಟ್ ಎತ್ತಿದಾಗ ಕೆಳಗೆ ತೆಳುವಾದ ಹಿತ್ತಾಳೆ ರಿಂಗ್ ಇರಬಹುದು. ಅದನ್ನು ಕಸವೆಂದು ಎಸೆದವರಿದ್ದಾರೆ. ಲೆನ್ಸ್ ಮತ್ತು ಫಿಲ್ಮಿನ ನಡುವಿನ ದೂರವನ್ನು ಸರಿಯಾಗಿ ಇಡುವುದೇ ಅದು. ತಪ್ಪಿದರೆ ಇನ್ಫಿನಿಟಿ ಗುರುತಿನಲ್ಲಿ ದೂರದ್ದು ಚೂಪಾಗಿ ಕಾಣುವುದಿಲ್ಲ.

ಇನ್ನು ಮುಟ್ಟಬಾರದ್ದು ಹೆಲಿಕಾಯ್ಡ್, ಅಂದರೆ ಫೋಕಸ್ ಮಾಡುವಾಗ ಲೆನ್ಸನ್ನು ಮುಂದೆ ಹಿಂದೆ ಸರಿಸುವ ದೊಡ್ಡ ಮರೆ (ಸ್ಕ್ರೂವಿನಲ್ಲಿರುವಂಥ ಸುರುಳಿ ಗೆರೆ). ಅದು ಬಾಟಲಿ ಮುಚ್ಚಳದ ಮರೆಯಂತಲ್ಲ. ಒಂದೇ ಸುತ್ತಿನಲ್ಲಿ ಹಲವು ಕಡೆ ಶುರುವಾಗುತ್ತದೆ, ಸರಿಯಾದ ಜಾಗ ಮಾತ್ರ ಒಂದೇ. ಗುರುತು ಹಾಕದೆ ಅದನ್ನು ಬೇರ್ಪಡಿಸಿದ್ದಕ್ಕೆ ನಾನು ಒಂದು 135 ಎಂಎಂ ಲೆನ್ಸಿನ ಜೊತೆ ಮೂರು ರಾತ್ರಿ ಕೂತಿದ್ದೇನೆ. ಒಂದೊಂದೇ ಮರೆ ಹಿಡಿದು ಸೇರಿಸುವುದು, ನೋಡುವುದು, ಮತ್ತೆ ಬಿಚ್ಚುವುದು. ಬೂಷ್ಟು ತೆಗೆಯಲು ಹೆಲಿಕಾಯ್ಡ್ ಬಿಚ್ಚುವ ಅಗತ್ಯವೇ ಇಲ್ಲ. ಯಾರ ವಿಡಿಯೋದಲ್ಲಿ ಬಿಚ್ಚಿದ್ದರೂ ನೀವು ಬಿಚ್ಚಬೇಡಿ.

ಹಂತ 7: ಗಾಜು ತೊಳೆಯುವುದು

ಮೊದಲು ಬ್ಲೋವರಿನಿಂದ ಧೂಳು ಹಾರಿಸಿ. ಧೂಳಿನ ಮೇಲೇ ಒರೆಸಿದರೆ ಅದು ಮರಳು ಕಾಗದದ ಕೆಲಸ ಮಾಡುತ್ತದೆ. ನಮ್ಮ ಕಡಲ ಮರಳಂತೂ ಗಾಜಿಗಿಂತ ಗಟ್ಟಿ.

ಬಿಡಿ ಗಾಜು ಕೈಗೆ ಬಂದರೆ ಯಾವ ಮೈ ಮುಂದಕ್ಕಿತ್ತು ಅಂತ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬಾಣ ಹಾಕಿ. ಎರಡೂ ಮೈ ಒಂದೇ ಥರ ಕಂಡರೂ ಉಬ್ಬು ಬೇರೆ ಇರುತ್ತದೆ.

ಮೆಡಿಕಲ್ ಅಂಗಡಿಯ ಪೆರಾಕ್ಸೈಡ್ ಸಾಮಾನ್ಯವಾಗಿ 6 ಶೇಕಡಾದ್ದು. ಅಷ್ಟೇ ಡಿಸ್ಟಿಲ್ಡ್ ನೀರು ಸೇರಿಸಿದರೆ 3 ಶೇಕಡಾ ಆಗುತ್ತದೆ, ಅಷ್ಟು ಸಾಕು. ಹಳೆಯ ಬಾಟಲಿ ಬೇಡ, ತೆರೆದಿಟ್ಟ ಪೆರಾಕ್ಸೈಡ್ ಬರೀ ನೀರಾಗಿರುತ್ತದೆ. ಹತ್ತಿ ಕಡ್ಡಿ ಅದ್ದಿ, ಹೆಚ್ಚಿನದನ್ನು ಹಿಂಡಿ, ಬೂಷ್ಟಿನ ಮೇಲೆ ಇಟ್ಟು ಒಂದೆರಡು ನಿಮಿಷ ಬಿಡಿ. ಆಮೇಲೆ ನಡುವಿನಿಂದ ಅಂಚಿಗೆ ಸುರುಳಿಯಾಗಿ, ಬರೀ ಕಡ್ಡಿಯ ಭಾರದಲ್ಲೇ ಒರೆಸಿ. ಕಡ್ಡಿ ಒಂದು ಸಲಕ್ಕೆ ಒಂದೇ. ಎಳೆಗಳು ಹೋಗುವವರೆಗೆ ಎರಡು ಮೂರು ಸಲ ಮಾಡಿ. ಆಮೇಲೆ ಡಿಸ್ಟಿಲ್ಡ್ ನೀರು, ಕೊನೆಗೆ ಟಿಶ್ಯೂಗೆ ಆಲ್ಕೋಹಾಲ್ ಹಾಕಿ ಒಂದು ಸುತ್ತು. ಗಾಜಿನ ಅಂಚಿನ ಕಪ್ಪು ಬಣ್ಣಕ್ಕೆ ಆಲ್ಕೋಹಾಲ್ ತಾಗಬಾರದು, ಕರಗಿ ಬಂದು ಗಾಜಿನ ಮೇಲೆಲ್ಲ ಹರಡುತ್ತದೆ. ಅಂಟಿಸಿದ ಗಾಜನ್ನು ಯಾವುದರಲ್ಲೂ ನೆನೆಹಾಕಬೇಡಿ.

ಮೊಂಡು ಬೂಷ್ಟಿಗೆ ಕೆಲವರು ಪೆರಾಕ್ಸೈಡ್ ಜೊತೆ ಅಮೋನಿಯಾ ಸೇರಿಸುತ್ತಾರೆ, ನಾನೂ ಅಪರೂಪಕ್ಕೆ ಮಾಡುತ್ತೇನೆ. ಕಿಟಕಿ ತೆರೆದಿರಬೇಕು. ಬಚ್ಚಲು ತೊಳೆಯುವ ಬ್ಲೀಚ್ ಅದರ ಹತ್ತಿರವೂ ಬರಬಾರದು, ಎರಡೂ ಸೇರಿದರೆ ವಿಷದ ಗಾಳಿ.

ನನ್ನ ಮೇಜಿಗೆ ಬಂದ ಮನೆಮದ್ದುಗಳಲ್ಲಿ ಟೂತ್‌ಪೇಸ್ಟ್, ವಿಭೂತಿ, ಕೊಬ್ಬರಿ ಎಣ್ಣೆ ಮೂರೂ ಇವೆ. ಮೊದಲೆರಡು ಕೋಟಿಂಗ್ ಕೆರೆದು ಹಾಕಿದವು. ಮೂರನೆಯದು ಗಾಜಿಗೆ ಏನೂ ಮಾಡಲಿಲ್ಲ, ಎಲೆಗಳನ್ನು ಮಾತ್ರ ಒಂದಕ್ಕೊಂದು ಅಂಟಿಸಿತು.

ತೊಳೆದ ಮೇಲೂ ಟಾರ್ಚಿನಲ್ಲಿ ಬೂದಿ ಬಣ್ಣದ ಬೇರಿನ ಅಚ್ಚು ಕಂಡರೆ ಅದು ತಿಂದುಹೋದ ಕೋಟಿಂಗ್. ಇನ್ನು ಉಜ್ಜಬೇಡಿ. ಸೂರ್ಯನಿಗೆ ಎದುರಾಗಿ ತೆಗೆದ ಫೋಟೋ ಸ್ವಲ್ಪ ಮಂಕಾಗಬಹುದು, ಉಳಿದಂತೆ ಲೆನ್ಸ್ ಕೆಲಸ ಮಾಡುತ್ತದೆ.

ಹಂತ 8: ಎಲೆಗಳು

ಎಲೆಗಳು ಒಣಗಿರಬೇಕು. ಅವಕ್ಕೆ ಎಣ್ಣೆ ಹಾಕುವ ಪದ್ಧತಿಯೇ ಇಲ್ಲ. ಎಣ್ಣೆ ಹೊಳೆಯುತ್ತಿದ್ದರೆ ಲೈಟರ್ ಫ್ಲೂಯಿಡ್ ಅದ್ದಿದ ಕಡ್ಡಿಯಿಂದ ಒರೆಸಿ, ರಿಂಗ್ ತಿರುಗಿಸಿ, ಮತ್ತೆ ಒರೆಸಿ. ಹತ್ತಿರದಲ್ಲಿ ಬೆಂಕಿ ಬೇಡ. ಎಲೆಗಳನ್ನು ಹೊರಗೆ ತೆಗೆಯುವ ಸಾಹಸವೂ ಬೇಡ.

ಹಂತ 9: ಕೂರಿಸುವುದು ಮತ್ತು ಪರೀಕ್ಷೆ

ತೆಗೆದ ಕ್ರಮದ ಉಲ್ಟಾ. ರಿಂಗ್ ಕೂರಿಸುವಾಗ ಮೊದಲು ಬಿಚ್ಚುವ ದಿಕ್ಕಿಗೇ ನಿಧಾನ ತಿರುಗಿಸಿ. ಮರೆ ಸಿಕ್ಕಿದಾಗ ಸಣ್ಣಗೆ ಟಕ್ ಅನ್ನುತ್ತದೆ, ಅಲ್ಲಿಂದ ಬಿಗಿ ಮಾಡಿ. ಮೊದಲ ಸುತ್ತಿನಲ್ಲೇ ಬಿಗಿ ಅನ್ನಿಸಿದರೆ ಮರೆ ಓರೆಯಾಗಿ ಕೂತಿದೆ, ವಾಪಸ್ ತಿರುಗಿಸಿ. ಪ್ರತಿ ಗುಂಪು ಕೂರಿಸುವ ಮುಂಚೆ ಒಂದು ಸಲ ಬ್ಲೋವರ್, ಒಂದು ಸಲ ಟಾರ್ಚ್. ರಿಂಗ್ ಪಕ್ಕಾ ಕೂತರೆ ಸಾಕು, ಜಾಸ್ತಿ ಬಿಗಿದರೆ ಗಾಜಿನ ಅಂಚು ಸಿಡಿಯುತ್ತದೆ.

ಈಗ ಇನ್ಫಿನಿಟಿ ನೋಡಬೇಕು. ನಾನು ಕಡಲತೀರಕ್ಕೆ ಹೋಗಿ ದೇವಗಡ ದ್ವೀಪದ ದೀಪಸ್ತಂಭಕ್ಕೆ ಹಿಡಿಯುತ್ತೇನೆ. ಶಿರಸಿ ಕಡೆಯವರಿಗೆ ದೂರದ ಮೊಬೈಲ್ ಟವರ್ ಸಾಕು. ಅಪರ್ಚರ್ ಪೂರ್ತಿ ತೆರೆದು, ರಿಂಗನ್ನು ಇನ್ಫಿನಿಟಿಗೆ ತಂದರೆ ಚೂಪಾಗಿ ಕಾಣಬೇಕು. ಕಾಣದಿದ್ದರೆ ಹಿತ್ತಾಳೆ ರಿಂಗ್ ಮರೆತಿದ್ದೀರಿ, ಇಲ್ಲವೇ ಒಂದು ಗುಂಪು ಪೂರ್ತಿ ಕೂತಿಲ್ಲ. ನಡು ಚೂಪಾಗಿದ್ದು ಒಂದೇ ಬದಿ ಮಸುಕಾದರೆ ಗಾಜು ವಾಲಿದೆ. ನಡುವೂ ಸರಿಯಿಲ್ಲದೆ ಎಲ್ಲ ಸೋಪಿನ ನೀರಿನಲ್ಲಿ ನೋಡಿದ ಹಾಗಿದ್ದರೆ ಯಾವುದೋ ಗಾಜು ಉಲ್ಟಾ ಆಗಿದೆ.

ಹಂತ 10: ವಾಪಸ್ ಎಲ್ಲಿ ಇಡುತ್ತೀರಿ?

ತೊಳೆದ ಲೆನ್ಸನ್ನು ಅದೇ ಚರ್ಮದ ಚೀಲಕ್ಕೆ ಹಾಕಿದರೆ ಮುಂದಿನ ಮಳೆಗಾಲದಲ್ಲಿ ಮತ್ತೆ ಸಿಗೋಣ. ಬೂಷ್ಟಿನ ಬೀಜ ಇರುವುದು ಆ ಚರ್ಮದಲ್ಲೇ. ಚೀಲ ಎಷ್ಟೇ ಚೆಂದ ಇರಲಿ, ಬಿಸಾಕಿ.

ಬೂಷ್ಟಿಗೆ ಬೇಕಾದ್ದು ತೇವ. ಗಾಳಿಯ ತೇವಾಂಶ 60 ಶೇಕಡಾ ದಾಟಿ ನಿಂತರೆ ಅದಕ್ಕೆ ಹಬ್ಬ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕೆಳಗಿಳಿಯುವುದೇ ಕಡಿಮೆ. ಲೆನ್ಸಿಗೆ ಹಿತ 40ರಿಂದ 50. ಒಳಗಿನ ತೇವವನ್ನು ತಾನೇ ಹಿಡಿತದಲ್ಲಿಡುವ ಡ್ರೈ ಕ್ಯಾಬಿನೆಟ್ ಕೊಳ್ಳಲು ಆಗದಿದ್ದರೆ ರಬ್ಬರ್ ಪಟ್ಟಿ ಇರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಕಾಲು ಕಿಲೋ ಸಿಲಿಕಾ ಜೆಲ್, ತೇವಾಂಶ ತೋರಿಸುವ ಚಿಕ್ಕ ಮೀಟರ್ ಸಾಕು. ಮೀಟರ್ 30ಕ್ಕಿಂತ ಕೆಳಗೆ ಹೋದರೆ ಜೆಲ್ ಸ್ವಲ್ಪ ಕಡಿಮೆ ಮಾಡಿ, ತೀರಾ ಒಣಗಿದರೆ ಗ್ರೀಸ್ ಬಿಗಿಯುತ್ತದೆ.

ಕೇಸರಿ ಬಣ್ಣದ ಜೆಲ್ ಹಸಿರಾದರೆ, ನೀಲಿ ಗುಲಾಬಿಯಾದರೆ, ನೀರು ಕುಡಿದು ತುಂಬಿದೆ ಎಂದರ್ಥ. 110ರಿಂದ 120 ಡಿಗ್ರಿಯ ಓವನ್ನಿನಲ್ಲಿ ಒಂದೆರಡು ತಾಸು ಇಟ್ಟರೆ ಮತ್ತೆ ಬಳಸಬಹುದು. ಸಣ್ಣ ಉರಿಯಲ್ಲಿ ಹಳೆಯ ಕಾವಲಿಯ ಮೇಲೆ ಹುರಿದರೂ ಆಗುತ್ತದೆ, ಆದರೆ ಆ ಕಾವಲಿಯಲ್ಲಿ ಮತ್ತೆ ದೋಸೆ ಹುಯ್ಯಬೇಡಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡುಗೆಮನೆಗೆ ತರುವುದೇ ಬೇಡ.

ಅಕ್ಕಿ ಡಬ್ಬಿಯಲ್ಲಿ ಲೆನ್ಸ್ ಹೂಳುವುದೂ ಬೇಡ. ಕುಚಲಕ್ಕಿಯ ತೌಡು ಫೋಕಸ್ ರಿಂಗಿನ ಸಂದಿಗೆಲ್ಲ ಸೇರುತ್ತದೆ. ನುಸಿಗುಳಿಗೆಯ ಹಬೆ ಗಾಜಿನ ಮೇಲೆ ಪೊರೆ ಕಟ್ಟುತ್ತದೆ. ಬಿಸಿಲಿಗಿಟ್ಟರೆ ಲೆನ್ಸೇ ಭೂತಗನ್ನಡಿಯಾಗಿ ಚಾಪೆ ಸುಡುತ್ತದೆ.

ಶಿರಸಿ ಹತ್ತಿರದ ತೋಟದವರೊಬ್ಬರು ತಮ್ಮ ಅಪ್ಪನ ಕಾಲದ ಲೆನ್ಸನ್ನು ಅಡಿಕೆ ಡ್ರೈಯರಿನಲ್ಲಿ ಇಟ್ಟಿದ್ದರು. "ಮಾರಾಯ್ರೆ, ಅಡಿಕೆ ಒಣಗುತ್ತದೆ ಅಂದಮೇಲೆ ಲೆನ್ಸ್ ಒಣಗುವುದಿಲ್ಲವಾ?" ಒಣಗಿತ್ತು, ನಿಜ. ಗ್ರೀಸೆಲ್ಲ ಕರಗಿ ಎಲೆಗಳ ಮೇಲೆ ಕೂತಿತ್ತು, ಲೆನ್ಸಿಗೆ ಹೊಗೆಯ ವಾಸನೆ. ಈಗ ಅದು ಅವರ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ಹದಿನೈದು ದಿನಕ್ಕೊಮ್ಮೆ ಮೀಟರಿನ ಫೋಟೋ ಕಳಿಸುತ್ತಾರೆ. ಮೊನ್ನೆಯದರಲ್ಲಿ 46 ಇತ್ತು.